ಗಾಜಿನ ಮೇಲಿನ ಕೈ

“ಈ ಕೈಗೆ ಬಳಿ ಯಾಕಿಲ್ಲ? ಬರೆದೋರು ಯಾರು?”

ಎಂಬತ್ಮೂರನೇ ಇಸವಿ. ಹಳ್ಳಿಗಳಿಗೆ ಆರೋಗ್ಯದ ಚಿತ್ರ ಬರೆಯಲು ಕಲಿಸುವ ರಾಯಚೂರಿನ ತರಬೇತಿ ಕೇಂದ್ರದ ಕತ್ತಲೆ ಕೋಣೆ. ಗಾಜಿನ ಸ್ಲೈಡಿನಿಂದ ಗೋಡೆಯ ಮೇಲೆ ಬಿದ್ದ ಚಿತ್ರ ತೋರಿಸಿ ಹೊಸ ಮೇಷ್ಟ್ರು ಮಹಾಂತಯ್ಯ ಕೇಳಿದ. ವಾಂತಿಭೇದಿಯಾದ ಕೂಸಿಗೆ ತಾಯಿ ಉಪ್ಪು-ಸಕ್ಕರೆ ನೀರು ಕುಡಿಸುವ ಚಿತ್ರ.

“ನಿನ್ನೆ ಗಬ್ಬೂರಾಗ ತೋರಿಸಿದೆ. ‘ಬರಿಗೈಯಾಕಿ ಕೊಟ್ಟ ನೀರು ನಮ್ಮ ಕೂಸಿಗೆ ಬ್ಯಾಡ’ ಅಂತ ಹೆಣ್ಮಕ್ಕಳು ಎದ್ದು ಹೋದ್ರು. ಬರಿಯೋ ಮೊದಲು ನೋಡೋರನ್ನ ಕೇಳಬೇಕು. ಅದ ಮೊದಲ ಪಾಠ.”

ಹಿಂದಿನ ಬೆಂಚಿನಲ್ಲಿ ವೀರಭದ್ರಮ್ಮ ಎದ್ದು ನಿಂತಳು. “ನಾನ್ರೀ. ನನ್ನ ಕೈ ನೋಡಿ ಬರದೆ.”

ದೀಪ ಹತ್ತಿತು. ಅವಳ ಎರಡೂ ಕೈ ಬೋಳು. ಮಾನ್ವಿಯ ಅಕ್ಕಿ ಗಿರಣಿಯವರ ಮಗಳು. ಮದುವೆಯ ಅರಿಶಿನ ಮಾಸುವ ಮುನ್ನವೇ ಗಂಡನನ್ನು ಕಳೆದುಕೊಂಡವಳು.

ಮಹಾಂತಯ್ಯ ಸ್ಲೈಡು ಹೊರಗೆಳೆದು ಅಂಗೈಯಲ್ಲಿ ಮುಚ್ಚಿಕೊಂಡ.

ಎಲ್ಲರ ಮುಂದೆ ನನ್ನ ಹಣೆಬರಹ ಓದಿಬಿಟ್ಟನಲ್ಲ, ಎಂದು ಅವಳು ಬಹಳ ದಿನ ಅವನತ್ತ ಕಣ್ಣೆತ್ತಲಿಲ್ಲ. ಪಾಠ ಮಾತ್ರ ಬಿಡಲಿಲ್ಲ. ಊರೂರು ತಿರುಗಿ ಹೆಂಗಸರನ್ನು ಕೇಳಿದಳು, ಬರೆದಳು, ಅಳಿಸಿದಳು.

ಹಿರೇಕೊಟ್ನೆಕಲ್ ಬಸ್ಸಿನಲ್ಲಿ ಅವನು ಅವಳ ಗಾಜಿನ ಸ್ಲೈಡುಗಳನ್ನು ತೊಡೆಯ ಮೇಲಿಟ್ಟುಕೊಂಡು, ಮಲಗಿದ ಕೂಸನ್ನು ಹಿಡಿದಂತೆ ಕೂರುತ್ತಿದ್ದ. ಅಜ್ಜಿಯ ಕತೆಯ ರಾಜಕುಮಾರ ಏಳು ಸಮುದ್ರ ದಾಟಿ ಬರುತ್ತಿದ್ದ. ಇವನು ಧೂಳಿನ ಬಸ್ಸಿನಲ್ಲಿ... ಸಿಟ್ಟು ಯಾವಾಗ ಕರಗಿತೋ ಅವಳಿಗೇ ತಿಳಿಯಲಿಲ್ಲ.

ಕೊನೆಯ ದಿನ ಬಂತು. ಚಿತ್ರದ ಹುಚ್ಚು ಸಾಕು, ಇನ್ನು ಹೊಸ್ತಿಲು ದಾಟುವಂತಿಲ್ಲ ಎಂದು ದೇವದುರ್ಗದ ಅತ್ತೆ ಹೇಳಿ ಕಳಿಸಿದ್ದಳು. ಕರೆದೊಯ್ಯಲು ಬಂದ ಅಣ್ಣ ಗಡಿಗೆಪ್ಪ ಬಸ್ಸಿನಲ್ಲಿ ಸೀಟು ಹಿಡಿದು ಕೂತಿದ್ದ.

ಅವಳು ಮಹಾಂತಯ್ಯನಿಗೆ ತಿದ್ದಿದ ಸ್ಲೈಡು ಕೊಟ್ಟಳು. ತಾಯಿಯ ಕೈತುಂಬ ಹಸಿರು ಬಳೆ.

“ಚಿತ್ರಕ್ಕ ಹಾಕೀನ್ರಿ, ಸರ್. ಗಬ್ಬೂರಿಗೆ ಒಯ್ರಿ. ಈಗ ಕುಡಸ್ತಾರ.”

“ನಿಮಗ?” ಅವನು ಕೇಳಿದ. “ನಾ ಹಾಕಲೇನು?”

ಅವಳು ನಕ್ಕಳು, ಕಣ್ಣು ತುಂಬಿದ್ದವು. “ನೋಡೋರನ್ನ ಕೇಳಬೇಕಂತ ಕಲಿಸಿದೋರು ನೀವ. ಊರು ಏನಂತದ, ಕೇಳಿ ಬಂದೀರಲ್ಲ.”

“ಅರ್ಧ ಪಾಠ ಕಲಿಸಿದೆ. ನೋಡೋರಿಗಿಂತ ಮೊದಲು ತೊಡೋರನ್ನ ಕೇಳಬೇಕಿತ್ತು. ಈಗ ಕೇಳಾಕತ್ತೀನಿ.”

“ಬರ್ತೀ ಏನ್ ಬೇ? ಇಲ್ಲೇ ಮನಿ ಕಟ್ಟಸ್ಲೇನು?” ಗಡಿಗೆಪ್ಪ ಕಿಟಕಿಯಿಂದ ಕೂಗಿದ.

ಅವಳು ಮೆಟ್ಟಿಲು ಹತ್ತಿದಳು. ಹತ್ತಿ, ತಿರುಗಿದಳು. ಎಂಜಿನ್ನಿನ ಸದ್ದಿನಲ್ಲಿ ಅವನಿಗಷ್ಟೇ ಕೇಳುವಂತೆ ಹೇಳಿದಳು.

“ಹಸಿರು ಬ್ಯಾಡ್ರಿ... ನನಗ ನೀಲಿ ಸೇರ್ತಾವ.”

ಬಸ್ಸು ಹೊರಟಿತು. ಅವನು ಸ್ಲೈಡು ಹಿಡಿದೇ ಬಾಗಿಲ ಜೊತೆಗೇ ನಡೆದ. “ಅಳತಿ?”

“ನಿಮ್ಮ ಕೈಯಾಗ ಐತಲ್ರಿ,” ಅಂದಳು ವೀರಭದ್ರಮ್ಮ, “ನನ್ನ ಕೈ.”