ಬಾನೆಟ್ ಮೇಲೆ ಕೂತ ಬೆಕ್ಕು

"ಏಳಬೇಡ್ವೇ, ಪ್ಲೀಸ್! ಇನ್ನೊಂದು ಬಿಸ್ಕೆಟ್ ಕೊಡ್ತೀನಿ!" ಎಂದು ಗಿರಗಿಟ್ಲೆ ಪಕ್ಕದ ಮನೆಯ ಬೆಕ್ಕಿಗೆ ಕೈಮುಗಿದಳು.

ಬೆಕ್ಕು ಅಮ್ಮನ ನೀಲಿ ಕಾರಿನ ಬಾನೆಟ್ ಮೇಲೆ ಕೂತಿತ್ತು. ಕೂತಿತ್ತು ಅನ್ನುವುದಕ್ಕಿಂತ ಹರಡಿಕೊಂಡಿತ್ತು ಅನ್ನಬೇಕು, ಅಷ್ಟು ದಪ್ಪ. ಸದ್ಯ, ದಪ್ಪಗಿದ್ದದ್ದೇ ಒಳ್ಳೆಯದಾಯಿತು. ಅದರ ಹೊಟ್ಟೆಯ ಕೆಳಗೆ ಅಡಗಿದ್ದ ಗೀರುಗಳು ಒಂದೆರಡಲ್ಲ. ತಟ್ಟೆಯಗಲದ ಜಾಗದಲ್ಲಿ ಸುತ್ತಿ ಸುತ್ತಿ ಬಿದ್ದಿದ್ದವು.

ಗಿರಗಿಟ್ಲೆ ಅಂತ ಹೆಸರಿಟ್ಟವಳು ಅಜ್ಜಿ. ಈ ಹುಡುಗಿಯ ಕಾಲು ಒಂದು ಕಡೆ ನಿಂತದ್ದೇ ಇಲ್ಲ. ಕಾರು ಉಜ್ಜುವಾಗ ಕೈಯೂ ಹಾಗೇ ಗಿರಗಿರ ತಿರುಗಿತ್ತು.

ಎಲ್ಲಾ ಆ ಚಾರ್ಟ್‌ನಿಂದ ಆದದ್ದು. ಶುಕ್ರವಾರ ಕ್ಲಾಸಿನ ಗೋಡೆಗೆ ಟೀಚರ್ 'ನಾನು ಉಳಿಸಿದ ನೀರು' ಎಂಬ ಚಾರ್ಟ್ ಅಂಟಿಸಿದ್ದರು. ಮೊದಲ ಬೆಂಚಿನ ಕನ್ನಡಕದ ಹುಡುಗ ಎದ್ದು ನಿಂತು, "ನಮ್ಮ ಕಾರು ತೊಳೆಯೋಕೆ ಎರಡೇ ಬಕೆಟ್ ಸಾಕು, ಮಿಸ್," ಅಂದ. ಅಷ್ಟಕ್ಕೇ ಚಪ್ಪಾಳೆ! ಗಿರಗಿಟ್ಲೆಗೆ ತಡೆಯಲಾಗಲಿಲ್ಲ. "ನಾನು ಒಂದೇ ಮಗ್ ನೀರಲ್ಲಿ ತೊಳೀತೀನಿ, ಮಿಸ್!" ಎಂದು ಕೂಗಿಬಿಟ್ಟಳು.

"ಮೊದಲು ತೊಳಿ, ಆಮೇಲೆ ಬರೀ," ಅಂದಿದ್ದರು ಟೀಚರ್.

ಇವತ್ತು ಭಾನುವಾರ. ಅಮ್ಮ ಡ್ರೈವಿಂಗ್ ಕಲಿಸುವ ಕೆಲಸ ಶುರುಮಾಡುವ ದಿನ. "ನಾಲ್ಕು ಗಂಟೆಗೆ ನನ್ನ ಫಸ್ಟ್ ಸ್ಟೂಡೆಂಟ್ ಬರ್ತಾರೆ. ಕಾರು ಫಳಫಳ ಅನ್ನಬೇಕು. ನಿನ್ನನ್ನ ನಂಬಿದ್ದೀನಿ," ಎಂದು ಅಮ್ಮ ಅವಳಿಗೇ ಕೆಲಸ ಒಪ್ಪಿಸಿದ್ದಳು. ಆದರೆ ಒಂದು ಮಗ್ ನೀರು ಮೇಲ್ಛಾವಣಿಯ ಅರ್ಧಕ್ಕೇ ಮುಗಿದುಹೋಯಿತು. ಇನ್ನೊಂದು ಮಗ್ ತಂದರೆ ಕ್ಲಾಸಿನಲ್ಲಿ ಮಾನ ಹೋಗುತ್ತದೆ. ಹಾಗಾಗಿ ಬಾನೆಟ್ ಮೇಲಿನ ಒಣ ಧೂಳನ್ನು ಪಾತ್ರೆ ತಿಕ್ಕುವ ಸ್ಕ್ರಬ್ಬರ್‌ನಿಂದ ತಿಕ್ಕಿದಳು. ಧೂಳು ಹೋಯಿತು. ಅದರ ಹಿಂದೆಯೇ ಹೊಳಪೂ ಹೋಯಿತು.

"ಏನಮ್ಮಾ, ಕಾರಿಗೆ ವಾಚ್‌ಮನ್ ಇಟ್ಟಿದ್ದೀಯ?"

ಅಜ್ಜ! ಗಿರಗಿಟ್ಲೆ ಬೆಕ್ಕಿಗೆ ಅಡ್ಡ ನಿಂತಳು. ಅಜ್ಜ ನಲವತ್ತು ವರ್ಷ ಗ್ಯಾರೇಜಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆದವರು. ಈ ನೀಲಿ ಬಣ್ಣವೂ ಅವರ ಕೈಯದ್ದೇ. ಅದರ ಮೇಲೆ ನೊಣ ಕೂತರೂ ಅವರಿಗೆ ಗೊತ್ತಾಗುತ್ತಿತ್ತು.

"ಅದು... ಬೆಕ್ಕಿಗೆ ಬಿಸಿಲು ಕಾಯಿಸ್ಕೋಬೇಕಂತೆ ಅಜ್ಜ."

"ಕಾರು ನೆರಳಲ್ಲಿದೆಯಲ್ಲೇ!"

ಗಿರಗಿಟ್ಲೆ ತಲೆಯೆತ್ತಿ ಮರ ನೋಡಿದಳು. ಛೇ, ಹೌದಲ್ಲ!

ಅಷ್ಟರಲ್ಲಿ ಬಿಸ್ಕೆಟ್ ಮುಗಿಯಿತು. ಬೆಕ್ಕು ಆಕಳಿಸಿ, ಮೈಮುರಿದು, ಕೆಳಗೆ ಧುಮುಕಿ ಕಾಂಪೌಂಡ್ ಏರಿತು. ಅಜ್ಜ ಕನ್ನಡಕ ಸರಿಮಾಡಿಕೊಂಡು ಬಾನೆಟ್ ಮೇಲೆ ಬಗ್ಗಿದರು. ಗೀರುಗಳ ಮೇಲೆ ಬೆರಳಾಡಿಸಿದರು.

"ಪಾತ್ರೆ ತಿಕ್ಕೋದಾ?"

"ಹೂಂ."

"ಹಸಿರದ್ದೋ, ಸ್ಟೀಲಿನದ್ದೋ?"

"ಹಸಿರದ್ದು."

"ಬದುಕಿದೆ!" ಎಂದು ಅಜ್ಜ ಎದೆಯ ಮೇಲೆ ಕೈಯಿಟ್ಟುಕೊಂಡರು.

ಗಿರಗಿಟ್ಲೆಯ ಕಣ್ಣು ತುಂಬಿತು. "ಅಮ್ಮನಿಗೆ ಹೇಳ್ಬೇಡ ಅಜ್ಜ. ಇನ್ನು ಯಾವತ್ತೂ ನನ್ನನ್ನ ನಂಬಲ್ಲ ಅವಳು. ಬೆಕ್ಕು ಪರಚಿತು ಅಂತ ಹೇಳಿಬಿಡೋಣ?"

ಅಜ್ಜನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. "ಮೊದಲು ಕಾರು ತೊಳೆಯೋಣ ನಡಿ. ಆಗಲೇ ಎರಡೂವರೆ," ಎಂದರು.

ಅಜ್ಜ ತಂದದ್ದು ಗಿಡಕ್ಕೆ ನೀರು ಹಾಕುವ ಕ್ಯಾನ್, ಎರಡು ಬಕೆಟ್, ಕಾರಿನ ಶಾಂಪೂ ಮತ್ತು ತಮ್ಮದೇ ಎರಡು ಹಳೇ ಬನಿಯನ್. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಅರ್ಧ ಕ್ಯಾನ್ ನೀರನ್ನು ಮೇಲಿನಿಂದ ತುಂತುರು ತುಂತುರಾಗಿ ಸುರಿದಾಗ ಧೂಳು ತನ್ನಷ್ಟಕ್ಕೇ ಇಳಿದು ಬಂತು.

"ಇನ್ನರ್ಧ ಕೊನೆಗೆ. ಈಗ ಬನಿಯನ್ ಅದ್ದು. ನೇರ ಒರೆಸು. ಮೇಲಿಂದ ಕೆಳಕ್ಕೆ. ಅಯ್ಯೋ, ಗಿರಗಿರ ತಿರುಗಿಸ್ಬೇಡ್ವೇ ತಾಯಿ! ನೇರ!"

ಒಮ್ಮೆ ಒರೆಸಿದ ಮೇಲೆ ಬನಿಯನ್ನನ್ನು ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೇ ಶಾಂಪೂವಿಗೆ ಅದ್ದಬೇಕು. ಒಂದು ಸಲ ಬನಿಯನ್ ಕೈಜಾರಿ ನೆಲಕ್ಕೆ ಬಿತ್ತು. ಅಜ್ಜ ಅದನ್ನು ಕಾರಿನ ಹತ್ತಿರಕ್ಕೂ ಬಿಡಲಿಲ್ಲ. "ಇನ್ನು ಅದು ಟೈರ್ ಡಿಪಾರ್ಟ್‌ಮೆಂಟ್," ಎಂದು ಆಚೆ ಎಸೆದು ಇನ್ನೊಂದನ್ನು ಕೊಟ್ಟರು.

ಮೇಲ್ಛಾವಣಿ, ಗಾಜು, ಬಾನೆಟ್ ಮುಗಿದ ಮೇಲೆ, "ಈಗ ಬರೀ ನೀರಿನ ಬಕೆಟ್ ತಳ ಮುಟ್ಟಿ ನೋಡು," ಎಂದರು.

ಗಿರಗಿಟ್ಲೆ ಮೊಣಕೈವರೆಗೂ ಕೈ ಇಳಿಸಿದಳು. ಬೆರಳಿಗೆ ಒರಟು ಒರಟಾಗಿ ಮರಳು ಸಿಕ್ಕಿತು.

"ನೀರು ಕಡಿಮೆ ಬಳಸಿದ್ದು ತಪ್ಪಲ್ಲ ಪುಟ್ಟೀ. ಈ ಮರಳು ಹೋಗೋಕೆ ಒಂದು ಜಾಗ ಬೇಕಲ್ಲ? ನೀನು ಬಾನೆಟ್ ಮೇಲೇ ಬಿಟ್ಟು ತಿಕ್ಕಿದ್ದೀಯ."

ಒರೆಸುತ್ತಾ ಕಾರಿನ ಬಾಗಿಲಿನ ಹತ್ತಿರ ಬಂದಾಗ ಅಜ್ಜ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ವಾಚ್ ಬಿಚ್ಚು. ಬಕಲ್ ತಾಗತ್ತೆ." ಅವರ ಹೆಬ್ಬೆರಳು ಹಿಡಿಕೆಯ ಕೆಳಗಿದ್ದ ಒಂದು ಹಳೇ ಗೀರನ್ನು ಸವರುತ್ತಿತ್ತು.

"ಅದು ಅಜ್ಜಿ ಬೀಗದಕೈ ತಾಗಿಸಿದ್ದು ತಾನೇ?" ಮನೆಮಂದಿಗೆಲ್ಲ ಗೊತ್ತಿದ್ದ ಕತೆ ಅದು.

ಅಜ್ಜ ಮಹಡಿಯ ಕಿಟಕಿಯತ್ತ ನೋಡಿ ದನಿ ತಗ್ಗಿಸಿದರು. "ಅಲ್ಲ ಕಣೇ. ನನ್ನ ವಾಚು. ಇಂಥಾ ಪೇಂಟರ್ ಅನ್ನಿಸಿಕೊಂಡವನು ನಾನೇ ಗೀರಿದೆ ಅಂತ ಹೇಗೆ ಹೇಳಲಿ? ಅವಳ ತಲೆಗೆ ಕಟ್ಟಿಬಿಟ್ಟೆ."

"ಅಜ್ಜಿ ಜಗಳ ಆಡ್ಲಿಲ್ವಾ?"

"ಆಡಿದ್ದರೆ ಚೆನ್ನಾಗಿತ್ತು. ತನ್ನಿಂದಲೇ ಆಯ್ತೇನೋ ಅಂತ ನಂಬಿಬಿಟ್ಟಳು. ಇವತ್ತಿಗೂ ಕಾರಿನ ಹತ್ತಿರ ಬರುವಾಗ ಬೀಗದಕೈನ ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡೇ ಬರ್ತಾಳೆ, ನೋಡಿದ್ದೀಯ?"

ನೋಡಿದ್ದಳು. ಅದು ಅಜ್ಜಿಯ ಅಭ್ಯಾಸ ಅಂದುಕೊಂಡಿದ್ದಳು. ಗಿರಗಿಟ್ಲೆ ಕಾಂಪೌಂಡ್ ಕಡೆ ತಿರುಗಿದಳು. ಬೆಕ್ಕು ಏನೂ ಗೊತ್ತಿಲ್ಲದೆ ಮೀಸೆ ನೆಕ್ಕಿಕೊಳ್ಳುತ್ತಿತ್ತು.

ಮೂರೂವರೆಗೆ ಅಮ್ಮ ಕೆಳಗಿಳಿದು ಬಂದಳು, ಹಿಂದೆಯೇ ಅಜ್ಜಿ. ಅಜ್ಜ ಪಾಲಿಶ್ ಹಚ್ಚಿ ಉಜ್ಜಿದ್ದರಿಂದ ಗೀರುಗಳು ಮಸುಕಾಗಿದ್ದವು. ಆದರೂ ಕಾಣುತ್ತಿದ್ದವು.

"ಇದೇನಿದು?" ಅಮ್ಮನ ಮುಖ ಸಪ್ಪಗಾಯಿತು. "ಆ ಬೆಕ್ಕಿನ ಕೆಲಸಾನಾ? ಇರು ಅದಕ್ಕೆ!"

ಉತ್ತರ ತಾನಾಗಿಯೇ ಬಾಯಿಗೆ ಬಂದು ಕೂತಿತ್ತು. 'ಹೂಂ' ಅಂದರೆ ಸಾಕು.

"ಅಲ್ಲಮ್ಮ. ನಾನು. ಸ್ಕ್ರಬ್ಬರ್‌ನಲ್ಲಿ ತಿಕ್ಕಿದೆ. ಒಂದೇ ಮಗ್ ನೀರು ಅಂತ ಕ್ಲಾಸಲ್ಲಿ ಜಂಬ ಕೊಚ್ಚಿದ್ದೆ."

ಅಮ್ಮ ಬಾನೆಟ್ ನೋಡಿದಳು, ಮಗಳನ್ನು ನೋಡಿದಳು. "ಇವತ್ತೇ ಆಗಬೇಕಿತ್ತಾ! ನನಗೆ ಅಳು ಬರ್ತಿದೆ ಕಣೇ," ಅಂದಳು. ಗಿರಗಿಟ್ಲೆ ಮೊದಲ ಬಾರಿಗೆ ಎರಡೂ ಕಾಲೂರಿ ಅಲ್ಲಾಡದೆ ನಿಂತಿದ್ದಳು. ಅಮ್ಮ ಉಸಿರು ಬಿಟ್ಟು, ಅವಳ ಒದ್ದೆ ತೋಳನ್ನು ತನ್ನ ಸೆರಗಿನಿಂದ ಒರೆಸಿದಳು. "ಮುಂದಿನ ಭಾನುವಾರವೂ ನೀನೇ ತೊಳೀಬೇಕು. ಸ್ಕ್ರಬ್ಬರ್ ಮಾತ್ರ ನನ್ನ ಬೀರುವಿನಲ್ಲಿರತ್ತೆ."

ಅಜ್ಜ ಗಂಟಲು ಸರಿಮಾಡಿಕೊಂಡರು. ಮತ್ತೆ ಸರಿಮಾಡಿಕೊಂಡರು.

"ಏನ್ರೀ ಅದು, ಮೀನಿನ ಮುಳ್ಳು ಸಿಕ್ಕಿದ ಹಾಗೆ?" ಅಂದಳು ಅಜ್ಜಿ.

ಗಿರಗಿಟ್ಲೆ ಮೆಲ್ಲಗೆ ಅಜ್ಜನನ್ನು ಚಿವುಟಿದಳು. ಅಜ್ಜ ಹೇಳಿದರು. ನೆಲ ನೋಡಿಕೊಂಡೇ ಎಲ್ಲವನ್ನೂ ಹೇಳಿದರು.

ಅಜ್ಜಿ ಹಿಡಿಕೆಯ ಕೆಳಗಿನ ಗೀರನ್ನು ಬಗ್ಗಿ ನೋಡಿದಳು. "ಹನ್ನೆರಡು ವರ್ಷ!" ಅಂದಳು. "ಒಂದು ತಿಂಗಳು ಕಾಫಿ ನೀವೇ ಮಾಡಬೇಕು!" ಆಮೇಲೆ ನಿಧಾನವಾಗಿ ಮುಷ್ಟಿ ಬಿಚ್ಚಿದಳು. ಬೀಗದಕೈ ಗೊಂಚಲನ್ನು ಬೆರಳಿಗೆ ಸಿಕ್ಕಿಸಿಕೊಂಡು, ಝಣಝಣ ತಿರುಗಿಸುತ್ತಾ ಕಾರಿಗೆ ಪೂರ್ತಿ ಒಂದು ಸುತ್ತು ಬಂದಳು.

ಗಿರಗಿಟ್ಲೆ ಜೇಬು ತಡಕಿದಳು. ಮುರಿದ ಅರ್ಧ ಬಿಸ್ಕೆಟ್ ಉಳಿದಿತ್ತು. ಅದನ್ನು ಕಾಂಪೌಂಡ್ ಮೇಲೆ ಬೆಕ್ಕಿನ ಮುಂದಿಟ್ಟಳು. ಈ ಸಲ ಬಾನೆಟ್ ಮೇಲೆ ಕೂತಿರು ಅನ್ನಲಿಲ್ಲ.