ಗುಂಗುರು ಕೂದಲಿನ ಕೇದಗೆ

ಬಲು ಹಿಂದೆ, ಏಳು ಬೆಟ್ಟಗಳ ಆಚೆ, ಸಿರಿಮುಡಿ ಎಂಬ ರಾಜ್ಯವಿತ್ತು. ಅಲ್ಲಿನ ಮುತ್ತಾತ ರಾಜನೊಬ್ಬ ಒಂದು ಕಟ್ಟಳೆ ಮಾಡಿಟ್ಟಿದ್ದ. ಒಬ್ಬರ ಕೂದಲು ಕಂಡು ಇನ್ನೊಬ್ಬರು ಹೊಟ್ಟೆ ಉರಿದುಕೊಳ್ಳಬಾರದು. ಆದ್ದರಿಂದ ವರ್ಷಕ್ಕೊಮ್ಮೆ, ಕತ್ತರಿ ಹಬ್ಬದ ದಿನ, ಹೆಣ್ಣುಮಕ್ಕಳೆಲ್ಲರ ಕೂದಲನ್ನು ನೀರಲ್ಲಿ ನೆನೆಸಿ, ಎಳೆದು ಬಾಚಿ, ಗಂಧದ ಕೋಲಿಗೆ ಹಿಡಿದು ಒಂದೇ ಅಳತೆಗೆ ಕತ್ತರಿಸಬೇಕು. ಮುತ್ತಾತ ಒಳ್ಳೆಯವನೇ. ಆದರೆ ಅವನ ಮನೆತನದಲ್ಲಿ ಆವರೆಗೆ ಗುಂಗುರು ಕೂದಲಿನವರು ಯಾರೂ ಹುಟ್ಟಿರಲಿಲ್ಲ.

ಆಮೇಲೆ ಕೇದಗೆ ಹುಟ್ಟಿದಳು. ಈಗಿನ ರಾಜನ ಹಿರಿಯ ಮಗಳು. ಅವಳ ಕೂದಲು ಒದ್ದೆಯಿದ್ದಾಗ ಕೋಲಿನ ಉದ್ದಕ್ಕೂ ಬರುತ್ತಿತ್ತು. ಒಣಗಿತೋ, ಸುರುಳಿ ಸುತ್ತಿಕೊಂಡು ಕಿವಿಯ ಮೇಲಕ್ಕೆ ಹಾರಿಬಿಡುತ್ತಿತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ. ಕಿರಿಯ ಮಗಳು ಇರುವಂತಿಯದು ನೇರ ಕೂದಲು. ಒದ್ದೆಯಲ್ಲಿ ಎಷ್ಟೋ ಒಣಗಿದ ಮೇಲೂ ಅಷ್ಟೇ. ಸೊಂಟದವರೆಗೆ ಇಳಿದು ಸುಮ್ಮನೆ ನಿಲ್ಲುತ್ತಿತ್ತು.

ಆ ಸುಮ್ಮನೆ ನಿಲ್ಲುವುದನ್ನೇ ಕೇದಗೆಗೆ ಸಹಿಸಲಾಗುತ್ತಿರಲಿಲ್ಲ. ತಂಗಿ ತಲೆ ತಿರುಗಿಸಿದರೆ ಇವಳ ಹೊಟ್ಟೆಯಲ್ಲಿ ಕೆಂಡ. ತಂಗಿ ಮಲ್ಲಿಗೆ ಮುಡಿದರೆ ಇವಳಿಗೆ ಅಂದು ಅನ್ನ ಸೇರದು. ಪಾಪ, ಇರುವಂತಿಗೆ ಇದೊಂದೂ ತಿಳಿಯದು. "ಅಕ್ಕ, ಅಕ್ಕ" ಎಂದು ಹಿಂದೆ ಹಿಂದೆಯೇ ಬರುತ್ತಿದ್ದಳು. ಅದೂ ಕೇದಗೆಗೆ ಉರಿಯೇ.

ಪ್ರತಿ ಹಬ್ಬದಂದು ಅರಮನೆಯ ಕತ್ತರಿಯ ಸಂಕವ್ವನ ಮುಂದೆ ಕೂತು ಅವಳು ಹೇಳುತ್ತಿದ್ದದ್ದು ಒಂದೇ ಮಾತು, "ನನ್ನದನ್ನೂ ತಂಗಿಯ ಹಾಗೆ ಮಾಡು."

"ಅಮ್ಮಣ್ಣಿ, ನಿಮ್ಮ ಕೂದಲಿನ ದಾರಿಯೇ ಬೇರೆ..."

"ಹೇಳಿದಷ್ಟು ಮಾಡು."

ಸಂಕವ್ವ ಹೇಳಿದಷ್ಟು ಮಾಡುತ್ತಿದ್ದಳು.

ಹದಿನೆಂಟನೆಯ ಹಬ್ಬದ ಮರುದಿನ ಕೇದಗೆ ಬೋಳುಬೆಟ್ಟ ಹತ್ತಿದಳು. ಅಲ್ಲಿ ನುಣ್ಣಯ್ಯ ಎಂಬ ಮಾಂತ್ರಿಕನಿದ್ದ. ಅವನ ತಲೆಯಲ್ಲಿ ಒಂದು ಎಳೆ ಕೂದಲಿಲ್ಲ, ಅವನ ಬೆಟ್ಟದಲ್ಲಿ ಒಂದು ಎಳೆ ಹುಲ್ಲಿಲ್ಲ, ಎಲ್ಲಿ ನೋಡಿದರೂ ಉರುಟು ಕಲ್ಲು. ಕೂದಲಿರುವ ಲೋಕವನ್ನೆಲ್ಲ ಅವನು ದ್ವೇಷಿಸುತ್ತಿದ್ದ. ಬಾಗಿಲಲ್ಲಿ ರೋಮವಿಲ್ಲದ ಕರಡಿಯೊಂದು ಕಾವಲು ಕೂತಿತ್ತು.

"ತಂಗಿಯ ಕೂದಲಿನ ಹೊಳಪು ನನಗೆ ಬೇಕು" ಎಂದಳು ಕೇದಗೆ.

ನುಣ್ಣಯ್ಯ ಮೂಳೆಯ ಬಾಚಣಿಗೆ ಕೊಟ್ಟ. "ಇದರಲ್ಲಿ ಅವಳ ತಲೆ ಬಾಚು. ಸಾಕು."

"ಮತ್ತೆ ಬರ್ತೀಯ" ಎಂದಿತು ಕರಡಿ.

ಇರುವಂತಿಗೆ ಅಕ್ಕ ತಲೆ ಬಾಚುತ್ತಾಳೆಂದರೆ ಹಿಗ್ಗೋ ಹಿಗ್ಗು. ಬಾಚಿದಂತೆಲ್ಲ ಅವಳ ಕೂದಲು ಮಂಕಾಯಿತು, ಕೇದಗೆಯದು ಹೊಳೆಯಿತು. ಹೊಳೆದರೇನು? ಗುಡ್ಡ ಗುಡ್ಡವೇ, ಹಳ್ಳ ಹಳ್ಳವೇ. ಮಂಕಾದರೂ ತಂಗಿಯ ಕೂದಲು ಸೊಂಟದವರೆಗೆ ಸುಮ್ಮನೆ ನಿಂತಿತ್ತು.

ಕೇದಗೆ ಮತ್ತೆ ಬೆಟ್ಟ ಹತ್ತಿದಳು. "ಅವಳ ಕೂದಲೇ ನನಗೆ ಬೇಕು."

ನುಣ್ಣಯ್ಯ ಕೊಂಬಿನ ಬಾಚಣಿಗೆ ಕೊಟ್ಟ. "ಬಾಚು. ಅವಳದು ನಿನಗೆ, ನಿನ್ನದು ಅವಳಿಗೆ."

"ಮತ್ತೆ ಬರ್ತೀಯ" ಎಂದಿತು ಕರಡಿ.

ಬಾಚಿದಳು. ಕೂದಲು ಅದಲುಬದಲಾಯಿತು. ಆಸ್ಥಾನದ ವೈದ್ಯರು ನಾಡಿ ಹಿಡಿದು ನೋಡಿ, ಬಾವಿಯ ನೀರು ಬದಲಾದದ್ದೇ ಕಾರಣ ಎಂದರು. ಕೇದಗೆ ಕನ್ನಡಿಯ ಮುಂದೆ ಮೂರು ದಿನ ಕೂತಳು. ನಾಲ್ಕನೆಯ ದಿನ ಮುಖ ಸಪ್ಪಗಾಯಿತು. ಅವಳ ಅಗಲ ಮುಖದ ಮೇಲೆ ಆ ಕೂದಲು ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

ಅಷ್ಟರಲ್ಲಿ ಇರುವಂತಿ ಒಳಗೆ ಬಂದಳು. ಕೇದಗೆ ತಿರುಗಿ ನೋಡಿದಳು. ಅದೇ ಗುಂಗುರು, ತನ್ನದೇ ಗುಂಗುರು. ಆದರೆ ಗುಡ್ಡವಿಲ್ಲ, ಹಳ್ಳವಿಲ್ಲ. ಒಂದೊಂದು ಸುರುಳಿಯೂ ತನ್ನ ಜಾಗದಲ್ಲಿ ಕೂತು ಮುಖದ ಸುತ್ತ ತುಂಬಿಕೊಂಡಿತ್ತು.

"ಯಾರು ಮಾಡಿದ್ದು?"

"ಸಂಕವ್ವ. ಹಬ್ಬ ಮುಗಿದು ಕೋಲು ಪೆಟ್ಟಿಗೆ ಸೇರಿದೆಯಲ್ಲ, ಇದಕ್ಕೆ ಏನು ಬೇಕೋ ಹಾಗೆ ಮಾಡವ್ವ ಅಂದೆ. ನೀರೇ ಮುಟ್ಟಿಸಲಿಲ್ಲ ಕಣಕ್ಕ. ಒಣಗಿದ ಕೂದಲಲ್ಲಿ ಒಂದೊಂದೇ ಸುರುಳಿ ಹಿಡಿದು, ಅದು ಎಲ್ಲಿ ನಿಲ್ಲುತ್ತೋ ನೋಡಿ ಅಲ್ಲಿಗೆ ಕತ್ತರಿಸಿದಳು."

ಲೋಕದಲ್ಲಿ ಹೊಟ್ಟೆಕಿಚ್ಚು ಪಟ್ಟವರು ಬಹಳ ಮಂದಿ. ತನ್ನದೇ ಕೂದಲಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಕೇದಗೆಯೊಬ್ಬಳೇ ಇರಬೇಕು. ಹದಿನೆಂಟು ವರ್ಷದ ಉರಿಯೂ ಈ ಒಂದು ಗಳಿಗೆಯ ಉರಿಗೆ ಸಮನಾಗಲಿಲ್ಲ. ಅಂದೇ ಬೆಟ್ಟಕ್ಕೆ ಓಡಿದಳು.

"ನನಗೆ ಅದೂ ಬೇಕು, ಇದೂ ಬೇಕು. ಅವಳು ನನ್ನ ಕಣ್ಣಿಗೆ ಬೀಳಬಾರದು."

ನುಣ್ಣಯ್ಯ ನಕ್ಕು ಕಬ್ಬಿಣದ ಬಾಚಣಿಗೆ ಕೊಟ್ಟ. "ಇದು ಅವಳ ತಲೆಯಲ್ಲಿ ಮೂರು ಸಲ ಆಡಿದರೆ ಅವಳು ನನ್ನ ಬೆಟ್ಟದ ಕಲ್ಲು. ಎರಡು ಬಗೆಯ ಕೂದಲೂ ನಿನ್ನದು. ಬಾಚಣಿಗೆ ಮುರಿದೆಯೋ, ನಿನ್ನ ತಲೆ ನನ್ನ ತಲೆಯಂತೆ ಬೋಳು. ಇದುವರೆಗೆ ಯಾರೂ ಮುರಿದಿಲ್ಲ."

ಆಗ ಕೇದಗೆಗೆ ದಾರಿಯುದ್ದದ ಉರುಟು ಕಲ್ಲುಗಳೆಲ್ಲ ಏನೆಂದು ತಿಳಿಯಿತು. ತಿಳಿದೂ ಬಾಚಣಿಗೆ ತೆಗೆದುಕೊಂಡಳು. ಈ ಸಲ ಕರಡಿ ಮುಖ ತಿರುಗಿಸಿಕೊಂಡಿತು.

ಇರುವಂತಿ ಎಂದಿನಂತೆ ಅಕ್ಕನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಕೇದಗೆ ಒಂದು ಸಲ ಬಾಚಿದಳು. ತಂಗಿಯ ಪಾದ ಕಲ್ಲಾಯಿತು. ಎರಡನೆಯ ಸಲ ಬಾಚಿದಳು. ಸೊಂಟದವರೆಗೆ ಕಲ್ಲಾಯಿತು. ಮೂರನೆಯ ಸಲಕ್ಕೆ ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡಿತು. ಕೇದಗೆ ಎಳೆದಳು.

"ಮೆಲ್ಲಗೆ ಅಕ್ಕ" ಎಂದಳು ಇರುವಂತಿ. ಕಾಲು ಜೋಮು ಹಿಡಿದಿದೆ ಎಂದೇ ಅವಳು ತಿಳಿದಿದ್ದಳು. "ಪ್ರತಿ ಹಬ್ಬಕ್ಕೂ ನಿನ್ನ ತಲೆ ಹೀಗೇ ಎಳೀತಿದ್ರಲ್ಲ. ಇಷ್ಟು ನೋಯುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಒಂದು ದಿನವಾದರೂ ಕೇಳಬೇಕಿತ್ತು."

ಕೇದಗೆಯ ಕೈ ನಿಂತಿತು. ಹದಿನೆಂಟು ವರ್ಷದಲ್ಲಿ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ಮಾಡಿದ್ದೆಲ್ಲವನ್ನೂ ಹೇಳಿದಳು. ಸಿಕ್ಕನ್ನು ಎಳೆ ಎಳೆಯಾಗಿ ಬಿಡಿಸಿ ಬಾಚಣಿಗೆ ಹೊರಗೆ ತೆಗೆದಳು. ಮೊಣಕಾಲಿಗೆ ಒತ್ತಿ ಮುರಿದಳು.

ಮುರಿದ ಕ್ಷಣವೇ ಅವಳ ತಲೆ ಬೋಳಾಯಿತು. ಇರುವಂತಿಯ ಕಾಲಿಗೆ ಜೀವ ಬಂತು, ತಲೆಗೆ ಅವಳದೇ ನೇರ ಕೂದಲು ಬಂತು. ಬೋಳುಬೆಟ್ಟದ ಕಲ್ಲುಗಳೆಲ್ಲ ಮನುಷ್ಯರಾಗಿ ಎದ್ದು ತಮ್ಮ ತಮ್ಮ ಊರಿನ ದಾರಿ ಹಿಡಿದವು. ಕರಡಿಗೆ ಮೈತುಂಬ ರೋಮ ಬಂತು. ಅದು ಮೊದಲು ಮಾಡಿದ ಕೆಲಸವೆಂದರೆ ನುಣ್ಣಯ್ಯನನ್ನು ಏಳು ಬೆಟ್ಟಗಳ ಆಚೆಗೆ ಅಟ್ಟಿದ್ದು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕೇದಗೆ ಮರುದಿನ ತಲೆಗೆ ಸೆರಗು ಹೊದೆಯದೆ ತುಂಬಿದ ಸಭೆಗೆ ಹೋದಳು. ಕೆಲವರು ನಕ್ಕರು. "ಅಪ್ಪಾಜಿ, ಆ ಗಂಧದ ಕೋಲನ್ನು ತೇದು ಹಣೆಗಿಟ್ಟುಕೊಳ್ಳಿ" ಎಂದಳು. "ಯಾರ ಕೂದಲನ್ನು ಹೇಗೆ ಕತ್ತರಿಸಬೇಕೆಂದು ಆಯಾ ತಲೆ ನೋಡಿ ಸಂಕವ್ವ ಹೇಳಲಿ." ರಾಜ ಮಗಳ ತಲೆ ನೋಡಿದ, ಒಪ್ಪಿದ.

ವರ್ಷ ಕಳೆಯಿತು. ಕೇದಗೆಯ ತಲೆಯಲ್ಲಿ ಗುಂಗುರು ಮತ್ತೆ ಹುಟ್ಟಿ, ಬೆಳೆದು, ಕುತ್ತಿಗೆ ಮುಟ್ಟಿತು. ಸಂಕವ್ವನ ಮುಂದೆ ಕೂತು ಅವಳು ಹೇಳಿದ್ದು ಇಷ್ಟೇ, "ಇದಕ್ಕೆ ಏನು ಬೇಕೋ ಹಾಗೆ." ಸಂಕವ್ವ ಸುರುಳಿ ಸುರುಳಿಯಾಗಿ ಕತ್ತರಿಸಿ ಕನ್ನಡಿ ಹಿಡಿದಳು. ಕೇದಗೆ ಬಹಳ ಹೊತ್ತು ನೋಡಿಕೊಂಡಳು.

ಸಿರಿಮುಡಿಯ ಜನ ಸುಖವಾಗಿದ್ದರು, ನೇರದವರು ನೇರವಾಗಿ, ಗುಂಗುರಿನವರು ಗುಂಗುರಾಗಿ. ಹೊಟ್ಟೆಕಿಚ್ಚು ಪೂರ್ತಿ ಹೋಯಿತೆಂದು ಹೇಳಿದರೆ ನೀವು ನಂಬುವುದಿಲ್ಲ, ಹಾಗಾಗಿ ಹೇಳುವುದಿಲ್ಲ. ಅಂದು ಇರುವಂತಿ ಅಕ್ಕನ ತಲೆಯನ್ನು ಸುತ್ತಿ ಸುತ್ತಿ ನೋಡಿ, ತುಟಿ ಮುಂದೆ ಮಾಡಿ, "ಇದು ನನಗೇ ಇರಬಾರದಿತ್ತಾ ಅಕ್ಕ?" ಎಂದಳಂತೆ. ಆ ಮಾತಿಗೆ ಕೇದಗೆ ಪಟ್ಟ ಸಂತೋಷ, ಮುಂದೆ ಅವಳಿಗೆ ಪಟ್ಟ ಕಟ್ಟಿದ ದಿನವೂ ಆಗಲಿಲ್ಲವಂತೆ.