ನೆರಳಿನ ತುದಿಯ ಗೂಟಗಳು

"ಅಲ್ಲೇ ನಿಲ್ಲಿ! ಇನ್ನೊಂದು ಗೂಟ ಹೊಡೆದ್ರೆ ನೋಡಿ!"

ಸುತ್ತಿಗೆ ಎತ್ತಿದ್ದ ಕೈ ಹಾಗೇ ನಿಂತಿತು. ತಿರುಗಿದ ಮುಖ ಕಂಡು ಓಡಿಬಂದ ತೇಜಸ್ವಿನಿ ಗಕ್ಕನೆ ನಿಂತಳು.

ಜಯಪ್ರಕಾಶ್!

ಹೋದ ತಿಂಗಳು ಹೆಬ್ಬೂರಿನ ಇವರ ಮನೆಗೆ ಹೆಣ್ಣು ನೋಡಲು ಬಂದಿದ್ದವನು. ಉಪ್ಪಿಟ್ಟು ತಿಂದು, ಹೋಗುವಾಗ ಒಮ್ಮೆ ತಿರುಗಿ ನಕ್ಕಿದ್ದವನು. ಆ ನಗುವಿಗೇ ಇವಳು ಮನಸ್ಸಿನಲ್ಲಿ ಹ್ಞೂಂ ಅಂದುಬಿಟ್ಟಿದ್ದಳು.

ಇವತ್ತು ನೋಡಿದರೆ, ಸೋಲಾರ್ ಕಂಪನಿಯ ಟೋಪಿ ಹಾಕಿಕೊಂಡು ಇವರದೇ ರಾಗಿ ಹೊಲದಲ್ಲಿದ್ದಾನೆ! ಕೆಂಪು ಬಟ್ಟೆ ಕಟ್ಟಿದ ಗೂಟಗಳ ಸಾಲು ತೋಟದಂಚಿನ ತೆಂಗಿನಮರದ ಕಡೆಗೇ ಹೊರಟಿದೆ. ಇವಳು ಹುಟ್ಟಿದಾಗ ಅಜ್ಜಿ ಪುಟ್ಟತಾಯಮ್ಮ ನೆಟ್ಟ ಮರ ಅದು.

"ಅಪ್ಪ ನಿಮ್ಮ ಕಂಪನಿಗೆ ಕೊಡ್ತೀನಿ ಅಂದಿದ್ದು ಹೊಲ ಮಾತ್ರ. ಮರದ ಹತ್ರ ಯಾಕೆ ಬಂದ್ರಿ? ಅವತ್ತು ಹೆಣ್ಣು ನೋಡೋಕೆ ಬಂದಿದ್ರಾ, ಜಮೀನು ನೋಡೋಕೆ ಬಂದಿದ್ರಾ?"

"ಒಂದ್ನಿಮಿಷ ಕೇಳಿ..."

ಎಲ್ಲಿ ಕೇಳುತ್ತಾಳೆ! ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಸರಸರನೆ ಗೂಟಗಳನ್ನೆಲ್ಲ ಕಿತ್ತು ಅವನ ಕಾಲ ಬಳಿ ಎಸೆದಳು.

"ಮರ ಕಡಿಯೋರ ಮನೆಗೆ ನಾನು ಬರಲ್ಲ. ನಿಮ್ಮಮ್ಮಂಗೆ ಹೇಳ್ಬುಡಿ!"

ಹೇಳಿದ ಮೇಲೆ ಅವಳಿಗೇ ಅಳು ಬಂತು.

ಅವನು ತಲೆ ಮೇಲೆ ಕೈ ಹೊತ್ತು ಬದುವಿನ ಮೇಲೆ ಕೂತ.

"ಕಡಿಯೋಕಲ್ಲ ಕಣ್ರೀ, ಉಳಿಸೋಕೆ! ಪ್ಯಾನೆಲ್ ಮೇಲೆ ನೆರಳು ಬಿದ್ರೆ ಕರೆಂಟ್ ಕಮ್ಮಿ. ಅಂಚಿನ ಮರ ಕಡಿಸಿದ್ರೆ ಆಯ್ತು ಅಂತಾರೆ ನಮ್ಮ ಸಾಹೇಬ್ರು. ನಿಮ್ಮಪ್ಪಾನೂ ಮನಸ್ಸಿಲ್ದೇ ಹ್ಞೂಂ ಅಂದವ್ರೆ. ಇದೊಂದು ಮರ ಕಡಿದ್ರೆ ಸಾಲಲ್ಲ, ಇಡೀ ತೋಟದ ನೆರಳು ಅರ್ಧ ಹೊಲಕ್ಕೆ ಬರುತ್ತೆ ಅಂತ ತೋರ್ಸೋಕೆ ಮರದ ಬುಡದಿಂದ ನೆರಳಿನ ತುದಿವರೆಗೂ ಗೂಟ ಹೊಡೀತಿದ್ದೆ. ಫೋಟೊ ನೋಡಿದ್ರೆ ಈ ಜಾಗ ಬಿಟ್ಟು ಗುಬ್ಬಿ ಕಡೆ ಕಲ್ಲು ಬಯಲು ತಗೋತಾರೆ. ಅಲ್ಲಿ ಒಂದು ಗಿಡಾನೂ ಇಲ್ಲ. ಇವತ್ತೇ ಕಳಿಸ್ಬೇಕಿತ್ತು..."

ಅಯ್ಯೋ ಶಿವನೇ... ನನ್ನ ಮರಾನ ನಾನೇ ಕಡಿಸ್ತಿದ್ನಲ್ಲ!

"ಏಳ್ರೀ, ಏಳಿ! ಹೊತ್ತು ಮುಳುಗೋಕೆ ಮುಂಚೆ ಹೊಡೆಯೋಣ!"

ಅವಳು ಗೂಟ ಹಿಡಿದಳು, ಅವನು ಸುತ್ತಿಗೆ ಬೀಸಿದ. ನೆರಳು ಮುಂದೆ ಮುಂದೆ, ಇವರು ಹಿಂದೆ ಹಿಂದೆ. ಒಮ್ಮೆ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಗೂಟವನ್ನೇ ನೋಡಿದರು.

ಫೋಟೊ ಹೋಯಿತು. ಸ್ವಲ್ಪ ಹೊತ್ತಿಗೆ ಸಾಹೇಬರ ಫೋನ್ ಬಂತು.

"ಅರ್ಧ ಹೊಲ ನೆರಳೇನಯ್ಯಾ! ಬಿಡು, ಗುಬ್ಬಿ ಕಡೇದೇ ಮಾಡೋಣ."

ತೇಜಸ್ವಿನಿಗೆ ಹೋದ ಜೀವ ಬಂದಂತಾಯಿತು. ಮರವನ್ನು ತಬ್ಬಿಕೊಂಡು ನಕ್ಕಳು, ಅತ್ತಳು.

"ಅಮ್ಮಂಗೆ ಏನು ಹೇಳ್ಲಿ?" ಅವನು ಮೆಲ್ಲಗೆ ಕೇಳಿದ.

"ಪ್ಯಾನೆಲ್‌ಗೆ ನೆರಳು ಆಗಲ್ಲ ಅಂದ್ರಿ... ನಿಮ್ಗೆ?"

"ನಂಗೆ ಈ ಮರದ ನೆರಳೂ ಬೇಕು, ಮರದೋಳೂ ಬೇಕು."

ಅವಳ ಕೆನ್ನೆ ಕೆಂಪಾಯಿತು.

"ಹಂಗಾದ್ರೆ ನಾಳೆ ಅಮ್ಮನ್ನ ಕರ್ಕೊಂಡು ಬನ್ನಿ. ಸುತ್ತಿಗೆ ಬಿಟ್ಟು ಬನ್ನಿ!"